ಮಾದರಿ ವಿಮಾನಗಳ ರೇಡಿಯೋ ಮತ್ತು ಟೆಲಿಮೆಟ್ರಿ

ನೆಲದ ಮೇಲೆ ನಿಂತು ಹಾರಿಸುವ ಮಾದರಿ ವಿಮಾನವನ್ನೂ ಅದರ ಪೈಲಟ್‌ನನ್ನೂ ಜೋಡಿಸುವ ರೇಡಿಯೋ ಉಪಕರಣಗಳು. ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನಿಂದ ವಿಮಾನದೊಳಗಿನ ರಿಸೀವರ್‌ಗೆ ಹೋಗುವುದು ಆದೇಶ. ವಿಮಾನದಿಂದ ಪೈಲಟ್‌ಗೆ ಮರಳಿ ಬರುವ ಅಳತೆಗಳು ಟೆಲಿಮೆಟ್ರಿ. ಗ್ರೀಕ್ ಮೂಲದ ಈ ಪದಕ್ಕೆ ಕನ್ನಡದಲ್ಲಿ ದೂರಮಾಪನ ಎಂಬ ಹೆಸರಿದೆ. ಹೊಸಬರಿಗೆ ಮೂರು ಅಳತೆ ಸಾಕು: ಬ್ಯಾಟರಿಯ ವೋಲ್ಟೇಜ್, ಸಿಗ್ನಲ್ ಬಲ, ಎತ್ತರ. ಈ ಮೂರನ್ನು ಸರಿಯಾಗಿ ಓದಲು ಕಲಿತವರ ವಿಮಾನ ಬಹುಕಾಲ ಬಾಳುತ್ತದೆ.

ಹಿನ್ನೆಲೆ

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೋ ನಿಯಂತ್ರಿತ ದೋಣಿಯನ್ನು ಪ್ರದರ್ಶಿಸಿದ. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರು ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಆ ಕಾಲದ ಸಂಪರ್ಕವೆಲ್ಲ ಒಮ್ಮುಖ. ಪೈಲಟ್ ಆದೇಶ ಕೊಡುತ್ತಿದ್ದ. ವಿಮಾನದ ಸ್ಥಿತಿಯನ್ನು ಕಣ್ಣಳತೆಯಲ್ಲೇ ಊಹಿಸಬೇಕಿತ್ತು. ಹಳೆಯ ಸೆಟ್‌ಗಳಲ್ಲಿ ಒಂದು ಕ್ರಿಸ್ಟಲ್‌ಗೆ ಒಂದೇ ಚಾನೆಲ್. ಮೈದಾನದಲ್ಲಿ ಇನ್ನೊಬ್ಬರು ಅದೇ ಚಾನೆಲ್ ಚಾಲೂ ಮಾಡಿದರೆ ವಿಮಾನ ನೆಲಕ್ಕೆ ಬೀಳುತ್ತಿತ್ತು. 2.4 ಗಿಗಾಹರ್ಟ್ಸ್‌ನಲ್ಲಿ ಕ್ಷಣಕ್ಷಣಕ್ಕೂ ತರಂಗಾಂತರ ಬದಲಿಸುವ ಸೆಟ್‌ಗಳು ಈ ತೊಂದರೆಯನ್ನು ನೀಗಿದವು. ಹವ್ಯಾಸಿಗಳ ಕೈಗೆ ಇಮ್ಮುಖ ಸಂಪರ್ಕ ವ್ಯಾಪಕವಾಗಿ ಬಂದದ್ದೂ ಇವುಗಳ ಜೊತೆಗೇ.

ಕರ್ನಾಟಕದಲ್ಲಿ ಈ ವಿದ್ಯೆಯ ದೊಡ್ಡ ರೂಪಗಳು ಬೆಳೆದದ್ದು ಬೆಂಗಳೂರಿನಲ್ಲಿ. ಡಿಆರ್‌ಡಿಒದ ಭಾಗವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎಡಿಇ) ಪೈಲಟ್‌ರಹಿತ ಗುರಿವಿಮಾನ ‘ಲಕ್ಷ್ಯ’ವನ್ನೂ, ‘ನಿಶಾಂತ್’ ಮತ್ತು ‘ರುಸ್ತುಂ’ ಸರಣಿಯನ್ನೂ ರೂಪಿಸಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಇಂಥ ವಿಮಾನಗಳ ಪರೀಕ್ಷಾ ವಲಯವಿದೆ. ಇಸ್ರೊದ ಇಸ್ಟ್ರಾಕ್ ಸಂಸ್ಥೆಯ ಹೆಸರಿನಲ್ಲೇ ಟೆಲಿಮೆಟ್ರಿ ಇದೆ. ಅದು ಬೆಂಗಳೂರಿನ ಬಳಿಯ ಬ್ಯಾಲಾಳುವಿನ 32 ಮೀಟರ್ ವ್ಯಾಸದ ಆಂಟೆನಾದಿಂದ ಚಂದ್ರಯಾನದ ಸಂಕೇತಗಳನ್ನು ಹಿಡಿದಿದೆ. ಅಲ್ಲಿಯ ತತ್ವವೂ ಹವ್ಯಾಸಿಯ ಅಂಗೈಯಗಲದ ಪರದೆಯ ತತ್ವವೂ ಒಂದೇ.

ಎತ್ತರದ ಅಳತೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ರುಸ್ತುಂ-1ರ ಮೊದಲ ಹಾರಾಟ ಸಾಕ್ಷಿ. 2009ರ ನವೆಂಬರ್ 16ರಂದು ಹೊಸೂರಿನ ಬಳಿಯ ಏರ್‌ಸ್ಟ್ರಿಪ್‌ನಿಂದ ಅದು ಸರಿಯಾಗಿಯೇ ಮೇಲೇರಿತು. ಬಳಿಕ ಎತ್ತರದ ಅಂದಾಜು ತಪ್ಪಿ, ಎಂಜಿನ್ ನಿಲ್ಲಿಸುವ ಆದೇಶ ನೆಲದಿಂದ ಹೋಯಿತು, ವಿಮಾನ ಬಿದ್ದಿತು. 2010ರ ಅಕ್ಟೋಬರ್‌ನಲ್ಲಿ ನಡೆದ ಮುಂದಿನ ಹಾರಾಟ ಯಶಸ್ವಿಯಾಯಿತು. ನುರಿತ ತಂಡಕ್ಕೂ ಮೋಸ ಮಾಡುವ ಕಣ್ಣಳತೆಯನ್ನೇ ಹೊಸಬರು ಪೂರ್ತಿ ನಂಬಬಾರದು.

ಆದೇಶದ ಸೆಟ್

ಕಲಿಕೆಯ ವಿಮಾನಕ್ಕೆ ನಾಲ್ಕು ನಿಯಂತ್ರಣ ಚಾನೆಲ್ ಬೇಕು: ಥ್ರಾಟಲ್, ಎಲಿವೇಟರ್, ರಡ್ಡರ್, ಐಲರಾನ್. ಆರು ಚಾನೆಲ್‌ನ ಸೆಟ್ ಕೊಂಡರೆ ಮುಂದೆ ಫ್ಲಾಪ್ ಮೊದಲಾದವುಗಳಿಗೆ ಜಾಗವಿರುತ್ತದೆ. ‘ಮೋಡ್ 2’ ಸೆಟ್‌ನಲ್ಲಿ ಥ್ರಾಟಲ್ ಎಡಗೈಯಲ್ಲಿ, ‘ಮೋಡ್ 1’ರಲ್ಲಿ ಬಲಗೈಯಲ್ಲಿ. ಕಲಿಸುವವರ ಮೋಡ್ ಯಾವುದೋ ಕಲಿಯುವವರದೂ ಅದೇ ಇರಲಿ. ಆಪತ್ತಿನಲ್ಲಿ ಸೆಟ್ ಅವರ ಕೈಗೆ ಕೊಡಬೇಕಾಗುತ್ತದೆ. ಫ್ಲೈಸ್ಕೈ ಎಫ್‌ಎಸ್-ಐ6 ನಾಲ್ಕು ಸಾಮಾನ್ಯ ಸೆಲ್‌ಗಳಿಂದ ನಡೆಯುವ ಆರಂಭಿಕ ಸೆಟ್. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರೇಡಿಯೋ ಮತ್ತು ಎಡ್ಜ್‌ಟಿಎಕ್ಸ್ ತಂತ್ರಾಂಶವಿರುವ ರೇಡಿಯೋಮಾಸ್ಟರ್ ಪಾಕೆಟ್‌ನಂಥವು ಟೆಲಿಮೆಟ್ರಿಯಲ್ಲಿ ಅದಕ್ಕಿಂತ ಮುಂದಿವೆ.

ಟ್ರಾನ್ಸ್‌ಮಿಟರ್‌ಗೂ ರಿಸೀವರ್‌ಗೂ ಪರಸ್ಪರ ಗುರುತು ಹಚ್ಚುವ ಕೆಲಸಕ್ಕೆ ‘ಬೈಂಡ್’ ಎನ್ನುತ್ತಾರೆ. ಬೈಂಡ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಬೇಕು. ಆಮೇಲೆ ಮಾಡಲೇಬೇಕಾದದ್ದು ‘ಫೇಲ್‌ಸೇಫ್’. ಸಂಪರ್ಕ ಕಡಿದರೆ ಮೋಟಾರ್ ತಾನಾಗಿಯೇ ನಿಲ್ಲುವಂತೆ ಇದನ್ನು ಹೊಂದಿಸುತ್ತಾರೆ. ಪ್ರೊಪೆಲ್ಲರ್ ಇಲ್ಲದ ವಿಮಾನವನ್ನು ಕೈಯಲ್ಲಿ ಹಿಡಿದು, ಮೋಟಾರ್ ಓಡಿಸಿ, ಟ್ರಾನ್ಸ್‌ಮಿಟರ್ ಬಂದ್ ಮಾಡಿ ನೋಡಿದರೆ ಇದು ಸರಿಯಿದೆಯೇ ಎಂದು ತಿಳಿಯುತ್ತದೆ.

ಆಂಟೆನಾ ಸಣ್ಣದಾದರೂ ಸೂಕ್ಷ್ಮ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂ.ಮೀ.; ರಿಸೀವರ್ ತಂತಿಯ ತುದಿಯಲ್ಲಿ ಕವಚವಿಲ್ಲದೆ ಕಾಣುವ 31 ಮಿ.ಮೀ. ಅದರ ಕಾಲುಭಾಗ. ಕೆಲಸ ಮಾಡುವುದು ಆ ತುಂಡೇ; ಅದನ್ನು ಕತ್ತರಿಸಬಾರದು, ಮಡಚಬಾರದು, ಬ್ಯಾಟರಿಯ ಅಡಿಗೆ ಸೇರಿಸಬಾರದು. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬವಾಗಿ ಅಂಟಿಸಬೇಕು. ಟ್ರಾನ್ಸ್‌ಮಿಟರ್ ಆಂಟೆನಾದ ಮೊನೆಯನ್ನು ವಿಮಾನದತ್ತ ಗುರಿ ಇಡುವುದು ಹೊಸಬರ ಸಾಮಾನ್ಯ ತಪ್ಪು. ಸಿಗ್ನಲ್ ಹೊರಡುವುದು ಆಂಟೆನಾದ ಪಕ್ಕಗಳಿಂದ. ಮೊನೆಯ ದಿಕ್ಕಿನಲ್ಲಿ ಅದು ಅತಿ ದುರ್ಬಲ.

ಮೂರು ಅಳತೆಗಳು

ವೋಲ್ಟೇಜ್. ಲಿಪೊ ಬ್ಯಾಟರಿಯ ಪ್ರತಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, 3 ವೋಲ್ಟ್‌ಗಿಂತ ಕೆಳಗಿಳಿದರೆ ಕೆಡುತ್ತದೆ. ಮೂರು ಸೆಲ್‌ನ ಬ್ಯಾಟರಿ 12.6 ವೋಲ್ಟ್‌ನಿಂದ ಹೊರಟು, ಹಾರಾಟದಲ್ಲಿ 10.5ರ ಹತ್ತಿರ ಬಂದಾಗ ಇಳಿಸುವುದು ಸುರಕ್ಷಿತ. ಇಲ್ಲೊಂದು ಮೋಸವಿದೆ. ಎಫ್‌ಎಸ್-ಐ6ನಂಥ ಸೆಟ್‌ನ ಪರದೆ ರಿಸೀವರ್‌ನ ವೋಲ್ಟೇಜನ್ನು ತಾನಾಗಿಯೇ ತೋರಿಸುತ್ತದೆ. ಅದು ಸ್ಪೀಡ್ ಕಂಟ್ರೋಲರ್ ಇಳಿಸಿ ಕೊಡುವ ಸ್ಥಿರವಾದ 5 ವೋಲ್ಟ್. ಬ್ಯಾಟರಿ ಬರಿದಾಗುತ್ತಿದ್ದರೂ ಆ ಅಂಕಿ ಅಲುಗುವುದಿಲ್ಲ. ನಿಜಸ್ಥಿತಿ ತಿಳಿಯಲು ಬ್ಯಾಟರಿಗೇ ಜೋಡಿಸುವ ಪ್ರತ್ಯೇಕ ವೋಲ್ಟೇಜ್ ಸೆನ್ಸರ್ ಬೇಕು. ಹೊಸಬರು ಮೊದಲು ಕೊಳ್ಳಬೇಕಾದ ಸೆನ್ಸರ್ ಇದೇ.

ಸಿಗ್ನಲ್ ಬಲ. ರಿಸೀವರ್‌ಗೆ ತಲುಪಿದ ಸಿಗ್ನಲ್‌ನ ಬಲಕ್ಕೆ ಆರ್‌ಎಸ್‌ಎಸ್‌ಐ ಎನ್ನುತ್ತಾರೆ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಇದರ ಜೊತೆಗೆ ಎಲ್‌ಕ್ಯೂ ಎಂಬ ಶೇಕಡಾವಾರು ಅಂಕಿ ಕೊಡುತ್ತದೆ: ಕಳಿಸಿದ ನೂರು ದತ್ತಾಂಶ ಪೊಟ್ಟಣಗಳಲ್ಲಿ ಎಷ್ಟು ತಲುಪಿದವು ಎಂಬ ಲೆಕ್ಕ. ಅಂಕಿ ಬೀಳತೊಡಗಿದರೆ ವಿಮಾನವನ್ನು ತನ್ನತ್ತ ತಿರುಗಿಸಬೇಕು. ದಿನದ ಮೊದಲ ಹಾರಾಟಕ್ಕೆ ಮುನ್ನ ‘ರೇಂಜ್ ಚೆಕ್’ನಲ್ಲಿ ಸೆಟ್‌ನ ಶಕ್ತಿ ತಗ್ಗಿಸಿ ಮೂವತ್ತು ಹೆಜ್ಜೆ ದೂರದಿಂದ ನಿಯಂತ್ರಣ ಪರೀಕ್ಷಿಸುವುದು ಒಳ್ಳೆಯ ರೂಢಿ.

ಎತ್ತರ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಹೊರಟ ಜಾಗವನ್ನು ಸೊನ್ನೆ ಎಂದು ಎಣಿಸುತ್ತದೆ. ಜಿಪಿಎಸ್ ಸೆನ್ಸರ್ ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಎಣಿಸುತ್ತದೆ. ವಿಜಯಪುರ ನಗರದಲ್ಲಿ ನೆಲದ ಮೇಲೆ ನಿಂತ ವಿಮಾನವೂ ಅದರ ಪ್ರಕಾರ 590 ಮೀಟರ್ ಆಸುಪಾಸಿನಲ್ಲಿರುತ್ತದೆ. ಪರದೆಯ ಅಂಕಿ ಎಲ್ಲಿಂದ ಎಣಿಸಿದ್ದು ಎಂಬುದು ಮೊದಲು ಗೊತ್ತಿರಬೇಕು.

ಹಾರಿಸುವವರ ಕಣ್ಣು ವಿಮಾನದ ಮೇಲಿರಬೇಕು, ಪರದೆಯ ಮೇಲಲ್ಲ. ಆದ್ದರಿಂದ ಟೆಲಿಮೆಟ್ರಿಯನ್ನು ಕಿವಿಗೆ ಮುಟ್ಟಿಸುವುದು ಮೇಲು. ಎಡ್ಜ್‌ಟಿಎಕ್ಸ್ ಸೆಟ್‌ನ ಮೆಮೊರಿ ಕಾರ್ಡ್‌ಗೆ ತಮ್ಮದೇ ಧ್ವನಿಯ ಫೈಲ್ ಹಾಕಿಕೊಳ್ಳಬಹುದು. ವೋಲ್ಟೇಜ್ ಇಳಿದಾಗ ‘ಬ್ಯಾಟ್ರಿ ಮುಗೀಲಾಕತ್ತೈತಿ, ಕೆಳಗ ಇಳಸು’ ಎಂದು ಸೆಟ್ಟೇ ಹೇಳುವಂತೆ ಮಾಡುವುದು ಅರ್ಧ ಗಂಟೆಯ ಕೆಲಸ. ಗಾಬರಿಯ ಹೊತ್ತಿನಲ್ಲಿ ಮನಸ್ಸಿಗೆ ಬೇಗ ಇಳಿಯುವುದು ಮನೆಮಾತು.

ಕಾನೂನು

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ 865–867 ಮೆಗಾಹರ್ಟ್ಸ್ ಪಟ್ಟಿಯೂ 2005ರಿಂದ ನಿಗದಿತ ಶಕ್ತಿಮಿತಿಯೊಳಗೆ ಲೈಸೆನ್ಸ್‌ಮುಕ್ತ. ಎರಡರಲ್ಲೂ ಟ್ರಾನ್ಸ್‌ಮಿಟರ್ ಶಕ್ತಿ 1 ವಾಟ್ ಮೀರಬಾರದು. ಅಮೆರಿಕದಲ್ಲಿ ಮುಕ್ತವಾಗಿ ಬಳಸುವ 915 ಮೆಗಾಹರ್ಟ್ಸ್ ಮಾಡ್ಯೂಲ್‌ಗೆ ಇಲ್ಲಿ ಆ ವಿನಾಯಿತಿಯಿಲ್ಲ. ಅದು ಮೊಬೈಲ್ ಸೇವೆಯ ಪಟ್ಟಿಗೆ ತಾಗುತ್ತದೆ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದರ ಮೇಲೆ 2 ಕಿಲೋವರೆಗಿನದು ಮೈಕ್ರೊ. ವಾಣಿಜ್ಯೇತರ ಉದ್ದೇಶಕ್ಕೆ ಮೈಕ್ರೊ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಮಾದರಿ ವಿಮಾನ ಸದಾ ಕಣ್ಣಿಗೆ ಕಾಣುವಂತಿರಬೇಕು. ಹಸಿರು ವಲಯದಲ್ಲಿ ಎತ್ತರದ ಮಿತಿ 120 ಮೀಟರ್. ಕಾರ್ಯನಿರತ ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದಲ್ಲಿ 60 ಮೀಟರ್. 120 ಮೀಟರ್ ಮಿತಿಯಿರುವಲ್ಲಿ ಎತ್ತರದ ಎಚ್ಚರಿಕೆಯನ್ನು 100 ಮೀಟರ್‌ಗೆ ಇಟ್ಟರೆ ಮಿತಿ ಮುಟ್ಟುವ ಮೊದಲೇ ಸೆಟ್ ಕೂಗುತ್ತದೆ. ಹಾರಿಸುವ ಮುನ್ನ ಸರ್ಕಾರದ ಡ್ರೋನ್ ವಲಯ ನಕ್ಷೆ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

ವಿಜಯಪುರದ ಬಯಲಿನಲ್ಲಿ

ಇಂಡಿ ತಾಲ್ಲೂಕಿನ ತಾಂಬಾದಿಂದ ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳದವರೆಗಿನ ಸೀಮೆ ಬಹುಪಾಲು ಬಯಲು. ರೇಡಿಯೋ ಅಲೆಗೆ ಅಡ್ಡವಾಗುವ ಗುಡ್ಡ, ಎತ್ತರದ ಕಟ್ಟಡ ಕಡಿಮೆ. ಹಿಂಗಾರಿ ಬಿಳಿಜೋಳದ ರಾಶಿ ಮುಗಿದ ಮೇಲೆ ಬೇಸಿಗೆಯ ಬೆಳಗಿನ ತಂಪು ಹೊತ್ತು ಕಲಿಕೆಗೆ ಒಳ್ಳೆಯದು. ಒಣಗಿದ ಎರೆಹೊಲ ಬಿರುಕು ಬಿಡುವುದರಿಂದ ಗಾಲಿಯ ವಿಮಾನಕ್ಕಿಂತ ಕೈಯಿಂದ ಎಸೆದು ಹೊಟ್ಟೆಯ ಮೇಲೆ ಇಳಿಸುವ ಫೋಮ್ ವಿಮಾನ ಇಲ್ಲಿಗೆ ಹೊಂದುತ್ತದೆ. ವಿದ್ಯುತ್ ತಂತಿಗಳಿಂದ ದೂರವಿರಬೇಕು. ಬಿಸಿಲಲ್ಲಿ ನಿಂತ ವಾಹನದೊಳಗೆ ಲಿಪೊ ಬ್ಯಾಟರಿ ಬಿಟ್ಟರೆ ಉಬ್ಬುತ್ತದೆ, ಬೆಂಕಿಯ ಅಪಾಯವೂ ಇದೆ, ನೆರಳಲ್ಲೇ ಇಡಬೇಕು.

ಬೆಳೆ ನಿಂತಾಗ ಆಳೆತ್ತರದ ಜೋಳದಲ್ಲಿ ಬಿದ್ದ ವಿಮಾನ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಆಗಲೂ ಟೆಲಿಮೆಟ್ರಿ ಕೈಬಿಡುವುದಿಲ್ಲ. ಜಿಪಿಎಸ್ ಇದ್ದರೆ ಕೊನೆಯ ಸ್ಥಾನ ಪರದೆಯಲ್ಲಿ ಉಳಿದಿರುತ್ತದೆ. ಇಲ್ಲದಿದ್ದರೆ ಸಿಗ್ನಲ್ ಅಂಕಿಯೇ ದಾರಿ: ಹಸಿ ದಂಟು ಅಲೆಯನ್ನು ಹೀರುವುದರಿಂದ ದೂರದಲ್ಲಿ ಅಂಕಿ ತೀರಾ ಕಡಿಮೆ, ಸಾಲು ಹಿಡಿದು ನಡೆಯುತ್ತ ಹತ್ತಿರವಾದಂತೆ ಏರುತ್ತದೆ. ಏರಿದತ್ತ ಹೋಗಬೇಕು, ಇಳಿದರೆ ಸಾಲು ಬದಲಿಸಬೇಕು. ರೈತರ ಅನುಮತಿ ಪಡೆದು, ಒಬ್ಬರೇ ಹೊಲಕ್ಕಿಳಿದು ಹೀಗೆ ಹುಡುಕಿದರೆ ವಿಮಾನವೂ ಸಿಗುತ್ತದೆ, ಬೆಳೆಯೂ ತುಳಿತಕ್ಕೆ ಸಿಕ್ಕದೆ ಉಳಿಯುತ್ತದೆ.