ಶಾಲೆಯಂಗಳ: ಪರಸಿಯೂ ಗರಿಕೆಯೂ

ಹುಣಸಗಿಯದು ಎರೆಭೂಮಿ, ಮಳೆಗೆ ಕೆಸರಾಗಿ ಕಾಲಿಗಂಟುವುದು, ಬೇಸಗೆಗೆ ಬಿರಿಯುವುದು. ಆದುದರಿಂದ ಈ ಸೀಮೆಯವರು ಅಂಗಳಕ್ಕೆ ಶಹಾಬಾದದ ಪರಸಿಯನ್ನು ಹಾಸಿದುದು ಅವಿವೇಕವೆನ್ನಲಾಗದು. ಪ್ಯಾರಿಸ್ ನಗರದ ಶಾಲೆಗಳಲ್ಲಿಯೂ ಡಾಂಬರು ಹಾಸಿದ್ದರು. ಅದು ಹಗಲು ಹೀರಿದ ಕಾವನ್ನು ಇರುಳು ಉಗುಳುವುದನ್ನು ಕಂಡು, ನಗರಸಭೆಯು 2018ರಲ್ಲಿ ಮೂರು ಶಾಲೆಗಳಿಂದ ಮೊದಲ್ಗೊಂಡು ಅದನ್ನು ಕೀಳಿಸಿ, ಹುಲ್ಲಿಗೂ ಮರಗಳಿಗೂ ಎಡೆಗೊಟ್ಟಿತು. ಅಲ್ಲಿಯ ಬಿಸಿಲು ನಮ್ಮದರ ಮುಂದೆ ಎಷ್ಟರದು!

ನಮ್ಮ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಬಯಲು ಬೇಕೆಂದಿತು; ಅದರ ನೆಲ ಎಂತಿರಬೇಕೆಂದು ವಿಧಿಸಲಿಲ್ಲ. ನೀರಿಲ್ಲವೆಂಬ ಹಳೆಯ ಆಕ್ಷೇಪವು, 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ, ಇಲ್ಲಿ ಬಲಗುಂದಿದೆ. ವಿಘ್ನೇಶ್ವರನಿಗೆ ಪ್ರಿಯವಾದ ಗರಿಕೆಯು (ರೈತನಿಗೆ ಅದು ಶತ್ರುವೇ ಸರಿ) ತುಳಿತವನ್ನು ತಾಳುವುದು, ಒಣಗಿದರೂ ಬೇರಿನಿಂದ ಮರಳಿ ಚಿಗುರುವುದು. ಅದು ಬೇರೂರುವವರೆಗೆ ಮಕ್ಕಳನ್ನು ದೂರವಿರಿಸುವುದೊಂದೇ ಉಪಾಧ್ಯಾಯರಿಗೆ ಕಷ್ಟದ ಕೆಲಸ.