ಮಧುಮೇಹದ ಹೊಸ್ತಿಲಲ್ಲಿ: ನಡಿಗೆ, ಊಟ ಮತ್ತು ಚೆನ್ನೈಯ ಒಂದು ಅಧ್ಯಯನ

ದೀರ್ಘಕಾಲೀನ ವ್ಯಾಧಿಗಳ ಪೈಕಿ ನಗರವಾಸಿಗಳಾದ ನಮ್ಮನ್ನು ಸದ್ದಿಲ್ಲದೆ ಆವರಿಸುವುದು ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ವ್ಯಾಧಿಯಿದೆ, ಇನ್ನೂ 13.6 ಕೋಟಿ ಜನರು ಅದರ ಪೂರ್ವಾವಸ್ಥೆಯಲ್ಲಿದ್ದಾರೆ. ಇಲ್ಲಿ ನಾವು ಹೇಳಹೊರಟಿರುವುದು ಈ ಎರಡನೆಯ ಗುಂಪಿನ ಬಗ್ಗೆ. ಅವರಿಗೆ ಇನ್ನೂ ಕಾಲಾವಕಾಶವಿದೆ. ಆದರೆ ತಾವು ಆ ಗುಂಪಿನಲ್ಲಿರುವುದು ಬಹುಮಂದಿಗೆ ತಿಳಿದಿರುವುದಿಲ್ಲ.

ರಾತ್ರಿಯ ಉಪವಾಸದ ನಂತರ ರಕ್ತದ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಕಂಡುಬಂದರೆ ಅದು ಮಧುಮೇಹ. 100ರಿಂದ 125ರವರೆಗೆ ಇದ್ದರೆ ಪೂರ್ವಾವಸ್ಥೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 110ರಿಂದ ಎಣಿಸುತ್ತದೆ. ಈ ಹಂತದಲ್ಲಿ ನೋವಿಲ್ಲ, ಆಯಾಸವಿಲ್ಲ. ಆದ್ದರಿಂದಲೇ ವರದಿಯನ್ನು ಓದಿ ಮಡಿಚಿಡುವುದು ಸುಲಭ. ಸಾಲದ ಒಂದು ಕಂತು ತಪ್ಪಿದೊಡನೆ ನೋಟೀಸು ಕಳುಹಿಸುವ ಬ್ಯಾಂಕಿನವರಾದ ನಾವು, ನಮ್ಮದೇ ದೇಹ ಕಳುಹಿಸಿದ ಇಂತಹ ನೋಟೀಸನ್ನು ನಾಲ್ಕು ವರ್ಷ ಕಪಾಟಿನಲ್ಲಿ ಭದ್ರವಾಗಿಟ್ಟಿದ್ದೆವು. ಐದನೆಯ ವರ್ಷ ಮಾತ್ರೆ ಆರಂಭವಾಯಿತು.

ಆ ನಾಲ್ಕು ವರ್ಷಗಳಲ್ಲಿ ಏನು ಸಾಧ್ಯವಿತ್ತೆಂಬುದಕ್ಕೆ ಸ್ಪಷ್ಟವಾದ ಉತ್ತರ ದೊರೆತದ್ದು ಚೆನ್ನೈಯಲ್ಲಿ. ಡಾ. ಎ. ರಾಮಚಂದ್ರನ್ ಹಾಗೂ ಸಂಗಡಿಗರು ಪೂರ್ವಾವಸ್ಥೆಯಲ್ಲಿದ್ದ 531 ಮಂದಿಯನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಮೊದಲನೆಯದಕ್ಕೆ ಸಾಮಾನ್ಯ ಸಲಹೆ, ಎರಡನೆಯದಕ್ಕೆ ಊಟ ಮತ್ತು ನಡಿಗೆಯ ಕ್ರಮ, ಮೂರನೆಯದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ನಾಲ್ಕನೆಯದಕ್ಕೆ ಕ್ರಮವೂ ಮಾತ್ರೆಯೂ. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಮೊದಲ ಗುಂಪಿನ ಶೇ. 55 ಮಂದಿ ಮಧುಮೇಹಿಗಳಾದರು. ಜೀವನಕ್ರಮ ಬದಲಿಸಿದವರಲ್ಲಿ ಈ ಪ್ರಮಾಣ ಶೇ. 39.3, ಮಾತ್ರೆಯ ಗುಂಪಿನಲ್ಲಿ ಶೇ. 40.5, ಎರಡನ್ನೂ ಅನುಸರಿಸಿದವರಲ್ಲಿ ಶೇ. 39.5. ಅರ್ಥಾತ್ ಮಾತ್ರೆಯಷ್ಟೇ ಕೆಲಸವನ್ನು ನಡಿಗೆ ಮತ್ತು ಮಿತಾಹಾರ ಮಾಡಿದವು. ಎರಡನ್ನೂ ಕೂಡಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ.

ಅವರಿಗೆ ವಿಧಿಸಿದ್ದೇನೂ ಕಠಿಣ ವ್ರತವಲ್ಲ: ದಿನಕ್ಕೆ ಕನಿಷ್ಠ 30 ನಿಮಿಷ ಬಿರುಸಿನ ನಡಿಗೆ, ಸಕ್ಕರೆ ವರ್ಜ್ಯ, ನಯಗೊಳಿಸಿದ ಧಾನ್ಯ ಮತ್ತು ಜಿಡ್ಡಿನಲ್ಲಿ ಕಡಿತ, ನಾರಿನಂಶದ ಆಹಾರದ ಸೇರ್ಪಡೆ. ನಮಗೆ ವಿಶೇಷವೆನಿಸಿದ್ದು ಇನ್ನೊಂದು ಸಂಗತಿ. ಈ ಗುಂಪಿನ ದೇಹತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ, ಆದರೂ ರೋಗ ತಗ್ಗಿತು. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ಎರಡೇ ತಿಂಗಳಿಗೆ ನಡಿಗೆ ನಿಲ್ಲಿಸುವ ಮಿತ್ರರು ಇದನ್ನು ಗಮನಿಸಬೇಕು. ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವಿಗೆ ಕಾಯದೆಯೂ ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಹೀಗಾಗಿ ನಡಿಗೆಯ ಪ್ರಯೋಜನ ತೂಕವೊಂದನ್ನೇ ಅವಲಂಬಿಸಿಲ್ಲ.

ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಆರಂಭವಾದ ಇಂತಹುದೇ ಪ್ರಯೋಗ ನಡೆದದ್ದು ಆರು ವರ್ಷ. ಅದರಲ್ಲಿ ಭಾಗವಹಿಸಿದವರನ್ನು ಮೂವತ್ತು ವರ್ಷ ಅನುಸರಿಸಿ ನೋಡಿದಾಗ, ಜೀವನಕ್ರಮ ಬದಲಿಸಿದವರಲ್ಲಿ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು; ಹೃದಯ ಹಾಗೂ ರಕ್ತನಾಳದ ವ್ಯಾಧಿಗಳೂ ಕಡಿಮೆಯಾಗಿದ್ದವು.

ಇನ್ನು ನಮ್ಮ ಊಟದ ವಿಚಾರ. ಅನ್ನಕ್ಕೆ ಹುಳಿ, ಮತ್ತೆ ಅನ್ನಕ್ಕೆ ಸಾರು, ಕೊನೆಗೆ ಅನ್ನಕ್ಕೆ ಮೊಸರು ಎಂಬ ಪದ್ಧತಿಯಲ್ಲಿ ಪಲ್ಯ, ಕೋಸಂಬರಿಗಳು ಎಲೆಯ ತುದಿಯಲ್ಲಿ ಶಾಸ್ತ್ರಕ್ಕೆ ಉಳಿದಿವೆ. ಇವುಗಳ ಪ್ರಮಾಣವನ್ನು ಅದಲುಬದಲು ಮಾಡಿದರೆ ರುಚಿಗೆ ಭಂಗವಿಲ್ಲ. ರಾಗಿ ಮುದ್ದೆ ಎಷ್ಟು ತಿಂದರೂ ಸರಿ ಎಂಬ ನಂಬಿಕೆ ಮಾತ್ರ ತಪ್ಪು. ಅದರಲ್ಲಿ ನಾರಿನಂಶವಿದೆ ನಿಜ, ಪಿಷ್ಟವೂ ಯಥೇಚ್ಛವಾಗಿದೆ.

ನೋಡಲು ಸಣಕಲಾದವರೂ ನಿಶ್ಚಿಂತರಾಗಿರುವಂತಿಲ್ಲ. ಭಾರತೀಯರಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುವುದರಿಂದ, ಸೊಂಟದ ಸುತ್ತಳತೆಯ ಮಿತಿಯನ್ನು ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಎಂದು ಇರಿಸಲಾಗಿದೆ. ತಂದೆತಾಯಿಗಳಲ್ಲಿ ಮಧುಮೇಹವಿದ್ದವರು, ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ಸ್ತ್ರೀಯರು ನಿಯತವಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ನಡಿಗೆಯ ಭರವಸೆಯಿಂದ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಪ್ರಮಾಣ ತಗ್ಗಿಸುವುದು ವೈದ್ಯರ ಕೆಲಸ. ನಮ್ಮದು ಕಳೆದ ವರ್ಷ ಅರ್ಧಕ್ಕೆ ಇಳಿದಿದೆ.