ವೃದ್ಧಾಶ್ರಮದಲ್ಲಿರುವ ಹಿರಿಯರ ನಿರ್ಲಕ್ಷ್ಯ, ದೌರ್ಜನ್ಯ: ಗುರುತಿಸುವುದು ಹೇಗೆ, ದೂರು ಯಾರಿಗೆ? – ಶಿವಮೊಗ್ಗ, ಭದ್ರಾವತಿ ಕುಟುಂಬಗಳಿಗೆ ಮಾಹಿತಿ

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ‘ನರ್ಸಿಂಗ್ ಹೋಂ’ ಎಂದರೆ ಜನರಿಗೆ ನೆನಪಾಗುವುದು ಹೆರಿಗೆಗೋ ಆಪರೇಷನ್‌ಗೋ ಸೇರಿಸುವ ಸಣ್ಣ ಖಾಸಗಿ ಆಸ್ಪತ್ರೆ. ವಯಸ್ಸಾದವರು ತಿಂಗಳು, ವರ್ಷಗಟ್ಟಲೆ ಉಳಿಯುವ ಜಾಗವನ್ನು ವೃದ್ಧಾಶ್ರಮ ಎನ್ನುತ್ತೇವೆ. ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಆಸ್ಪತ್ರೆಯ ಮೇಲಿನ ದೂರು ಒಂದು ಕಡೆ ಹೋಗಬೇಕು, ವೃದ್ಧಾಶ್ರಮದ ಮೇಲಿನ ದೂರು ಇನ್ನೊಂದು ಕಡೆ, ಮಕ್ಕಳ ಮೇಲಿನ ದೂರು ಮತ್ತೊಂದು ಕಡೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆಯುವಷ್ಟರಲ್ಲಿ, ಸಂಕಟದಲ್ಲಿರುವ ಹಿರಿಯರ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಭದ್ರಾವತಿಯಲ್ಲಿ ಈ ವಿಷಯಕ್ಕೆ ವಿಶೇಷ ತೂಕವಿದೆ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮತ್ತು ಎಂಪಿಎಂ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಊರಲ್ಲೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿದ್ದಾರೆ. ಶಿವಮೊಗ್ಗದ ವ್ಯಾಪಾರಸ್ಥ ಕುಟುಂಬಗಳಲ್ಲೂ, ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲೂ ಇದೇ ಕಥೆ. ಅಪ್ಪ ಅಮ್ಮನನ್ನು ಆಶ್ರಮಕ್ಕೆ ಸೇರಿಸಿದ್ದು ಸಮಾಜದಲ್ಲಿ ಮಾತಾಗುತ್ತದೆ ಎಂಬ ಸಂಕೋಚದಿಂದ ಅನೇಕರು ಅದನ್ನು ಬಸದಿಯಲ್ಲಿ ಸಿಕ್ಕವರಿಗೂ ಹೇಳುವುದಿಲ್ಲ. ಹೇಳದಿದ್ದಾಗ ಬಂಧುಗಳು ಹೋಗಿ ನೋಡುವುದಿಲ್ಲ. ಯಾರೂ ನೋಡಲು ಬಾರದ ಹಿರಿಯರೇ ಹೆಚ್ಚು ಅಪಾಯದಲ್ಲಿರುವವರು.

2025ರ ಜೂನ್‌ನಲ್ಲಿ ನೋಯ್ಡಾದ ಸೆಕ್ಟರ್ 55ರ ವೃದ್ಧಾಶ್ರಮವೊಂದಕ್ಕೆ ಉತ್ತರ ಪ್ರದೇಶದ ರಾಜ್ಯ ಮಹಿಳಾ ಆಯೋಗ ದಿಢೀರ್ ಭೇಟಿ ಕೊಟ್ಟು 39 ಹಿರಿಯರನ್ನು ರಕ್ಷಿಸಿತು. ಕೋಣೆಗಳಲ್ಲಿ ಕೂಡಿಹಾಕಿದ್ದು, ಒಬ್ಬ ವೃದ್ಧೆಯ ಕೈ ಕಟ್ಟಿದ್ದು ಆಗ ಹೊರಬಂತು. ಅಲ್ಲಿದ್ದವರೆಲ್ಲ ದಿಕ್ಕಿಲ್ಲದವರಲ್ಲ, ಹಣ ಕಟ್ಟುವ ಕುಟುಂಬಗಳು ಇದ್ದವು. ನಮ್ಮ ರಾಜ್ಯದಲ್ಲಿ 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಅವರು ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋದ ವಿಷಯವನ್ನು ಮುಂದಿಟ್ಟು, ಅಂಥ ಮಕ್ಕಳ ಹೆಸರಿಗೆ ಆದ ಆಸ್ತಿ ವರ್ಗಾವಣೆ ರದ್ದುಪಡಿಸುವಂತೆ ಸೂಚಿಸಿದರು. ಒಂದು ಕಡೆ ಸಂಸ್ಥೆಯ ತಪ್ಪು, ಇನ್ನೊಂದು ಕಡೆ ಮನೆಯವರದೇ ತಪ್ಪು. ಕಾನೂನು ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಏನನ್ನು ಗಮನಿಸಬೇಕು

ಹೊಡೆತದ ಗುರುತು ಎದ್ದು ಕಾಣುತ್ತದೆ. ನಿರ್ಲಕ್ಷ್ಯ ಹಾಗಲ್ಲ, ಅದು ಮೆಲ್ಲಗೆ ಸಾಗುತ್ತದೆ, ಮತ್ತು ಪ್ರತಿಯೊಂದಕ್ಕೂ ಒಂದು ಸಮಜಾಯಿಷಿ ಸಿದ್ಧವಿರುತ್ತದೆ. ‘ವಯಸ್ಸಾಯಿತಲ್ಲ’ ಎಂಬುದು ಅದರಲ್ಲಿ ಮೊದಲನೆಯದು.

ಹಾಸಿಗೆ ಹಿಡಿದವರ ಸೊಂಟದ ಕೆಳಭಾಗ, ಹಿಮ್ಮಡಿ, ಪಕ್ಕೆಯ ಮೂಳೆಯ ಮೇಲೆ ಹುಣ್ಣು ಆಗಿದೆಯೇ ಎಂದು ಬಟ್ಟೆ ಸರಿಸಿ ನೋಡಬೇಕು. ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಆರೈಕೆಯ ಸಾಮಾನ್ಯ ನಿಯಮ. ಆಳವಾದ ಹಾಸಿಗೆ ಹುಣ್ಣು ಒಂದೇ ದಿನದ ಅಜಾಗರೂಕತೆಯಿಂದ ಆಗುವುದು ಅಪರೂಪ. ನಾಲಗೆ, ತುಟಿ ಒಣಗಿರುವುದು, ಬಳೆ ಮೊಣಕೈವರೆಗೆ ಜಾರುವಷ್ಟು ಕೈ ಸಣ್ಣಗಾಗಿರುವುದು, ಬೆಳೆದ ಉಗುರು, ಮೂತ್ರದ ವಾಸನೆ – ಇವು ಸಿಬ್ಬಂದಿ ಸಾಲದಿರುವುದನ್ನು ಹೇಳುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋದಾಗ ಹೊದಿಕೆಯನ್ನು ಕೈಯಿಂದ ಮುಟ್ಟಿ ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ‘ಎಲ್ಲೋ ಕಳೆದುಹೋಗಿದೆ’ ಎಂದು ಎರಡನೇ ಸಲ ಹೇಳಿದರೆ ಸುಮ್ಮನಾಗಬಾರದು. ಅವಿಲ್ಲದೆ ಹಿರಿಯರು ತಿನ್ನಲಾರರು, ಕೇಳಲಾರರು, ದೂರು ಹೇಳಲಾರರು. ಹಗಲೆಲ್ಲ ಮಂಪರಿನಲ್ಲಿದ್ದರೆ ಯಾವ ಮಾತ್ರೆ, ಯಾವ ವೈದ್ಯರು ಬರೆದದ್ದು ಎಂದು ಚೀಟಿ ಕೇಳಬೇಕು. ಫೋನಿನಲ್ಲಿ ಮಾತಾಡುವಾಗ ಯಾವಾಗಲೂ ಸ್ಪೀಕರ್ ಹಾಕಿರುವುದು, ಭೇಟಿಯ ವೇಳೆ ಸಿಬ್ಬಂದಿ ಪಕ್ಕ ಬಿಟ್ಟು ಕದಲದಿರುವುದು ಒಳ್ಳೆಯ ಸೂಚನೆಯಲ್ಲ. ಪಾಸ್‌ಬುಕ್, ಎಟಿಎಂ ಕಾರ್ಡು ಕಚೇರಿಯ ವಶದಲ್ಲಿದ್ದರೆ, ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದದ ಪ್ರತಿ ಕೊಡದಿದ್ದರೆ, ಬ್ಯಾಂಕಿಗೆ ಹೋಗಿ ಲೆಕ್ಕ ನೋಡುವ ಕಾಲ ಬಂದಿದೆ ಎಂದರ್ಥ.

ಹಾಗೆಂದು ಪ್ರತಿ ಕಲೆಯೂ ಏಟಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ತಾಗಿದರೂ ಚರ್ಮ ಕಪ್ಪಾಗುತ್ತದೆ. ಮರೆವಿನ ಕಾಯಿಲೆಯವರು ಉಂಡದ್ದನ್ನೇ ಮರೆತು ಊಟ ಕೊಟ್ಟಿಲ್ಲ ಎನ್ನಬಹುದು. ಕಡಿಮೆ ಸಂಬಳಕ್ಕೆ ಹಗಲಿರುಳು ದುಡಿಯುವ ಆಯಾಗಳ ಮೇಲೆ ಸುಳ್ಳು ಆರೋಪ ಹೊರಿಸುವುದೂ ಹಿಂಸೆಯೇ. ಆದ್ದರಿಂದ ಹೊರಗಿನ ವೈದ್ಯರ ತಪಾಸಣೆ ಆರೋಪಕ್ಕಿಂತ ಮೊದಲು ಆಗಬೇಕು.

ಊಟ, ಉಪವಾಸ ಮತ್ತು ಒಂದು ಅಪಾಯಕಾರಿ ನೆಪ

ಜೈನ ಹಿರಿಯರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸೂರ್ಯಾಸ್ತದ ನಂತರ ಉಣ್ಣದವರಿಗೆ ಆಶ್ರಮದಲ್ಲಿ ರಾತ್ರಿ ಎಂಟಕ್ಕೆ ತಟ್ಟೆ ಇಟ್ಟರೆ ಅವರು ದಿನವೂ ಒಂದು ಊಟ ಕಳೆದುಕೊಳ್ಳುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿಟ್ಟವರಿಗೆ ಸಾಂಬಾರು, ಪಲ್ಯ ಎರಡರಲ್ಲೂ ಅದೇ ಇದ್ದರೆ ಉಳಿಯುವುದು ಅನ್ನ, ಮಜ್ಜಿಗೆ ಮಾತ್ರ. ‘ಅವರೇ ಬೇಡ ಅಂದರು’ ಎಂಬ ಉತ್ತರ ಇಲ್ಲಿ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕುದಿಸಿ ಸೋಸಿದ ನೀರು ಸಿಗದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರೂ ಇರುತ್ತಾರೆ.

ಇದಕ್ಕಿಂತ ಗಂಭೀರವಾದದ್ದು, ಊಟ ಕೊಡದಿರುವುದಕ್ಕೆ ವ್ರತದ ಹೆಸರು ಹಚ್ಚುವುದು. ಅಷ್ಟಮಿ, ಚತುರ್ದಶಿಯ ಉಪವಾಸ ಹಿರಿಯರು ತಾವೇ ಹಿಡಿಯುವ ನಿಯಮ. ಸಲ್ಲೇಖನ ವ್ರತವಂತೂ ಪೂರ್ಣ ಪ್ರಜ್ಞೆಯಲ್ಲಿ, ಸ್ವಂತ ಸಂಕಲ್ಪದಿಂದ, ಗುರುಗಳ ಅನುಮತಿ ಮತ್ತು ಮಾರ್ಗದರ್ಶನದಲ್ಲಿ ಸ್ವೀಕರಿಸುವಂಥದ್ದು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಅದನ್ನು ಅಪರಾಧವೆಂದು ಹೇಳಿದ ತೀರ್ಪಿಗೆ ಸುಪ್ರೀಂ ಕೋರ್ಟ್ ಅದೇ ಆಗಸ್ಟ್ 31ರಂದು ತಡೆ ನೀಡಿತು. ಆದರೆ ಯಾವ ನ್ಯಾಯಾಲಯವೂ, ಯಾವ ಶಾಸ್ತ್ರವೂ, ಮಾತು ನಿಂತ ಅಥವಾ ಮರೆವು ಬಂದ ವೃದ್ಧರಿಗೆ ಇನ್ನೊಬ್ಬರು ಊಟ ನಿಲ್ಲಿಸುವುದನ್ನು ವ್ರತ ಎನ್ನುವುದಿಲ್ಲ. ಅದು ಹಸಿವಿಗೆ ದೂಡುವುದು, ಅಷ್ಟೇ. ಆಶ್ರಮದವರಾಗಲಿ ಮನೆಯವರಲ್ಲೇ ಒಬ್ಬರಾಗಲಿ ಹಾಗೆ ಹೇಳಿದರೆ ಅದೇ ದಿನ ಹೋಗಿ ನೋಡಬೇಕು.

ಅನುಮಾನ ಬಂದಾಗ ಮೊದಲ ಹೆಜ್ಜೆ

ಹೇಳದೆ ಹೋಗಬೇಕು, ಊಟದ ಹೊತ್ತಿಗೆ ಹೋಗಬೇಕು. ಮಕ್ಕಳು ದೂರವಿದ್ದರೆ ಶಿವಮೊಗ್ಗದ ಮೇಲೆ ಹೊಂಬುಜಕ್ಕೆ ಹೊರಟ ನೆಂಟರನ್ನಾದರೂ ಅರ್ಧ ಗಂಟೆ ಹೋಗಿಬರಲು ಕೇಳಬಹುದು. ಹಿರಿಯರೊಡನೆ ಒಬ್ಬರೇ ಮಾತಾಡಬೇಕು. ಅವರು ಹೇಳದೆಯೂ ಇರಬಹುದು. ಇಲ್ಲಿಂದ ಕಳಿಸಿದರೆ ಮತ್ತೆಲ್ಲಿಗೆ ಎಂಬ ಭಯ, ಮಕ್ಕಳಿಗೆ ಹೊರೆಯಾಗುತ್ತೇನೆಂಬ ಅಳುಕು ಬಾಯಿ ಕಟ್ಟುತ್ತದೆ. ‘ಇಲ್ಲಿ ಯಾರಾದರೂ ಹೊಡೆಯುತ್ತಾರಾ’ ಎನ್ನುವುದಕ್ಕಿಂತ ‘ರಾತ್ರಿ ಬಾತ್‌ರೂಮಿಗೆ ಹೋಗಬೇಕಾದರೆ ಯಾರನ್ನು ಕರೆಯುತ್ತೀರಿ, ಬರುತ್ತಾರಾ’ ಎಂದು ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಪೆಟ್ಟು, ಹುಣ್ಣು, ತೀವ್ರ ನಿಶ್ಶಕ್ತಿ ಕಂಡರೆ ಜಗಳಕ್ಕೆ ನಿಲ್ಲದೆ ಅವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ದು, ಗಾಯ ಹೇಗಾಯಿತೆಂಬ ಅನುಮಾನವನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ ಮೆಡಿಕೋ ಲೀಗಲ್ ಪ್ರಕರಣವಾಗಿ ದಾಖಲಿಸಲು ಕೇಳಬೇಕು. ಆ ದಾಖಲೆ ಮುಂದೆ ಎಲ್ಲದಕ್ಕೂ ಆಧಾರ. ಫೋಟೊ, ವಿಡಿಯೊ ತೆಗೆದ ಫೋನನ್ನು ಹಾಗೇ ಉಳಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ಸಮಾಜದ ಗುಂಪುಗಳಿಗೆ ಅವನ್ನು ಹಾಕುವುದಂತೂ ಬೇಡ. ಹುಣ್ಣಾದ ಮೈಯ ಚಿತ್ರ ಊರೆಲ್ಲ ನೋಡುವುದು ಆ ಹಿರಿಯರಿಗೆ ಇನ್ನೊಂದು ಅವಮಾನ. ಕಟ್ಟಿದ ಹಣದ ರಸೀದಿ, ಒಪ್ಪಂದ ಪತ್ರ, ಭೇಟಿಯ ದಿನಾಂಕಗಳನ್ನು ಒಂದೇ ಕಡೆ ಇಡಬೇಕು.

ದೂರು ಎಲ್ಲಿಗೆ

ತಕ್ಷಣದ ಅಪಾಯಕ್ಕೆ 112. ಸಲಹೆಗೆ, ಮಧ್ಯಪ್ರವೇಶಕ್ಕೆ ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ಭದ್ರಾವತಿಯಲ್ಲಿ ಹಳೇನಗರ, ನ್ಯೂಟೌನ್, ಪೇಪರ್ ಟೌನ್ ಎಂದು ಬೇರೆ ಬೇರೆ ಠಾಣೆಗಳಿವೆ. ‘ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಂತೆ ವ್ಯಾಪ್ತಿ ಯಾವುದೇ ಇದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ದಾಖಲಿಸಲೇಬೇಕು. ಠಾಣೆ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರವಣಿಗೆಯಲ್ಲಿ ಕಳಿಸಬಹುದು. ತನಿಖೆಯಲ್ಲಿ ಸಾಕ್ಷಿಯಾಗಿ ಹೇಳಿಕೆ ಕೊಡಲು 60 ದಾಟಿದವರನ್ನು, ಮಹಿಳೆಯರನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಅವರಿರುವ ಜಾಗಕ್ಕೇ ಪೊಲೀಸರು ಬರಬೇಕು. ಕೋಣೆಯಲ್ಲಿ ಕೂಡಿಹಾಕಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 127 ಅನ್ವಯಿಸಬಹುದು. ಕಾಯಿಲೆ, ದುರ್ಬಲತೆಯಿಂದ ಅಸಹಾಯಕರಾದವರ ಆರೈಕೆಗೆ ಒಪ್ಪಂದ ಮಾಡಿಕೊಂಡು ಬೇಕೆಂದೇ ಕೈಬಿಡುವುದಕ್ಕೆ ಸೆಕ್ಷನ್ 357ರಲ್ಲಿ 3 ತಿಂಗಳವರೆಗೆ ಸೆರೆ ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ ಇವೆ. ಈ ಸೆಕ್ಷನ್ ಒಂದರಲ್ಲೇ ದೂರು ಕೊಟ್ಟರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡಲಾರರು. ಹಾಗಾಗಿ ನಡೆದದ್ದೆಲ್ಲವನ್ನೂ ದೂರಿನಲ್ಲಿ ಪೂರ್ತಿಯಾಗಿ ಬರೆಯುವುದು ಒಳ್ಳೆಯದು.

ಹಣ ಪಡೆದು ಸೇವೆ ಕೊಡದ ಆಶ್ರಮದ ವಿರುದ್ಧ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2 ವರ್ಷದೊಳಗೆ ದೂರು ಸಲ್ಲಿಸಬೇಕು. ಕಟ್ಟಿದ ಮೊತ್ತ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೂ ದೂರು ಕೊಡಲು ಅವಕಾಶವಿದೆ. ಉಚಿತವಾಗಿ ನಡೆಯುವ ಆಶ್ರಮಗಳಿಗೆ ಈ ದಾರಿ ಸಾಮಾನ್ಯವಾಗಿ ತೆರೆಯದು. ಅಂಥ ಕಡೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಮತ್ತು ಜಿಲ್ಲಾಧಿಕಾರಿಗೆ ಬರೆಯಬೇಕು. ಇನ್ನು ದೂರು ಖಾಸಗಿ ಆಸ್ಪತ್ರೆಯ ಮೇಲೆ, ಅಂದರೆ ನಾವು ನರ್ಸಿಂಗ್ ಹೋಂ ಎನ್ನುವುದರ ಮೇಲೆ ಇದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು.

ಹೆಚ್ಚಿನವರು ಕೇಳಿರುವ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮುಖ್ಯವಾಗಿ ಮಕ್ಕಳು, ವಾರಸುದಾರ ಬಂಧುಗಳ ಹೊಣೆಯನ್ನು ಕುರಿತದ್ದು. ಖಾಸಗಿ ವೃದ್ಧಾಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟವನ್ನು ಅದರೊಳಗೆ ತರಬೇಕಿದ್ದ 2019ರ ತಿದ್ದುಪಡಿ ಮಸೂದೆ ಅಂಗೀಕಾರವಾಗದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಇದು ನಿಜಕ್ಕೂ ದೊಡ್ಡ ಕೊರತೆ. ಆದರೂ ಸೆಕ್ಷನ್ 24 ಉಪಯೋಗಕ್ಕೆ ಬರುತ್ತದೆ: ಹಿರಿಯರ ಆರೈಕೆಯ ಹೊಣೆ ಹೊತ್ತ ಯಾರೇ ಆಗಲಿ, ಪೂರ್ತಿ ಕೈಬಿಡುವ ಉದ್ದೇಶದಿಂದ ಅವರನ್ನು ಎಲ್ಲಾದರೂ ಬಿಟ್ಟುಹೋದರೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದು.

ಮಕ್ಕಳೇ ಆಶ್ರಮದ ಹಣ ಕಟ್ಟದೆ ಬಿಟ್ಟರೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ತಾಲ್ಲೂಕುಗಳು ಶಿವಮೊಗ್ಗ ಉಪವಿಭಾಗಕ್ಕೆ ಸೇರಿವೆ. ಹಿರಿಯರು ಈಗಿರುವ, ಹಿಂದೆ ಇದ್ದ ಅಥವಾ ಮಕ್ಕಳಿರುವ ಜಿಲ್ಲೆ – ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ತಾವೇ ಹೋಗಲಾರದವರ ಪರವಾಗಿ ಅವರು ಅಧಿಕಾರ ಕೊಟ್ಟ ಬೇರೊಬ್ಬರೂ ಸಲ್ಲಿಸಬಹುದು. ಜೀವನಾಂಶ ತಿಂಗಳಿಗೆ 10,000 ರೂ.ವರೆಗೆ. ನೋಟಿಸ್ ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ತೃಪ್ತಿಯಾಗದಿದ್ದರೆ ಹಿರಿಯರು 60 ದಿನಗಳಲ್ಲಿ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ನೋಡಿಕೊಳ್ಳುವ ಷರತ್ತಿನ ಮೇಲೆ ಮನೆ, ತೋಟ ಬರೆದುಕೊಟ್ಟು ಮೋಸಹೋದವರಿಗೆ ಅದೇ ಕಾಯ್ದೆಯ ಸೆಕ್ಷನ್ 23 ಇದೆ, ವರ್ಗಾವಣೆ ರದ್ದಾಗಬಹುದು. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ತಾಯಿಗೆ ಆಸ್ತಿ ಮರಳಿಸಿತು. ಆದರೆ 2022ರ ಡಿಸೆಂಬರ್‌ನ ಇನ್ನೊಂದು ತೀರ್ಪು ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದಿದೆ. ದಾನಪತ್ರ ಬರೆಯುವವರು ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಮಕ್ಕಳ ಮೇಲೆ ನಂಬಿಕೆಯಿಲ್ಲವೇ ಎಂಬ ಪ್ರಶ್ನೆಗೆ ಅಂಜಬೇಕಿಲ್ಲ.

ವಕೀಲರಿಗೆ ಹಣವಿಲ್ಲದವರು ಶಿವಮೊಗ್ಗ ನ್ಯಾಯಾಲಯ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಭದ್ರಾವತಿಯವರು ಅಲ್ಲಿನ ತಾಲ್ಲೂಕು ಸಮಿತಿಗೆ ಹೋಗಬಹುದು, ಸಹಾಯವಾಣಿ 15100. ಮಹಿಳೆಯರು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

ಹೊಸದಾಗಿ ಸೇರಿಸುವವರು ಒಪ್ಪಂದ ಪತ್ರದಲ್ಲಿ ಠೇವಣಿ ಮರಳಿಸುವ ನಿಯಮ, ರಾತ್ರಿ ಪಾಳಿಯ ಸಿಬ್ಬಂದಿ, ಕರೆಗೆ ಬರುವ ವೈದ್ಯರು, ಹೇಳದೆ ಭೇಟಿ ಕೊಡುವ ಹಕ್ಕು ಬರೆಸಿಕೊಳ್ಳಬೇಕು. ಸೂರ್ಯಾಸ್ತಕ್ಕೆ ಮುಂಚಿನ ಊಟ, ಕಂದಮೂಲವಿಲ್ಲದ ಅಡುಗೆ, ಕುದಿಸಿದ ನೀರು ಬೇಕಾದವರು ಅದನ್ನೂ ಬಾಯಿಮಾತಿಗೆ ಬಿಡದೆ ಅದೇ ಪತ್ರದಲ್ಲಿ ಸೇರಿಸಬೇಕು.